ಲಕ್ವ ಮತ್ತು ನಡುಕ: ವಿಜಯಪುರ ಸೀಮೆಯ ಎರಡು ರೋಗನಾಮಗಳ ಇತಿಹಾಸ

ವಿಜಯಪುರ ನಗರದಲ್ಲಿಯೂ ಅದರ ಪಶ್ಚಿಮಕ್ಕಿರುವ ತಿಕೋಟಾ, ದಕ್ಷಿಣದ ಕಡೆಗಿರುವ ಬಬಲೇಶ್ವರ ಭಾಗಗಳಲ್ಲಿಯೂ ನರಮಂಡಲದ ರೋಗಗಳನ್ನು ಕುರಿತು ಜನರು ಆಡುವ ಮಾತಿನಲ್ಲಿ ಎರಡು ಶಬ್ದಗಳು ಪ್ರಧಾನವಾದವು. ಒಂದು ಲಕ್ವ, ಇನ್ನೊಂದು ನಡುಕ. ಮೊದಲನೆಯದು ಭಯವನ್ನು ಹುಟ್ಟಿಸುವ ರೋಗದ ಹೆಸರು. ಎರಡನೆಯದು ಮುಪ್ಪಿನ ಲಕ್ಷಣವೆಂದು ಉಪೇಕ್ಷೆಗೆ ಗುರಿಯಾದ ಹೆಸರು. ಈ ಭೇದವು ಹೇಗೆ ಬಂದಿತು, ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇದಕ್ಕೆ ಆಧಾರವುಂಟೇ ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಯತ್ನಿಸಿದ್ದೇವೆ. ಇದು ಕೇವಲ ಶಬ್ದವಿಚಾರವಲ್ಲ. ರೋಗಕ್ಕೆ ಇಟ್ಟ ಹೆಸರು ರೋಗಿಯು ವೈದ್ಯನ ಬಳಿಗೆ ಹೋಗಬೇಕೇ, ಮನೆಯ ಮೂಲೆಯಲ್ಲಿ ಕುಳಿತಿರಬೇಕೇ ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುತ್ತದೆ.

ಮೊದಲು ಆಯುರ್ವೇದವನ್ನು ನೋಡೋಣ. ಮಾಧವಕರನ ನಿದಾನಗ್ರಂಥದ ವಾತವ್ಯಾಧಿ ಪ್ರಕರಣದಲ್ಲಿ ಸರ್ವಾಂಗಗಳೂ ತಲೆಯೂ ಕಂಪಿಸುವ ರೋಗಕ್ಕೆ ವೇಪಥುವೆಂಬ ಪ್ರತ್ಯೇಕವಾದ ಹೆಸರಿದೆ. ದೇಹದ ಒಂದು ಪಾರ್ಶ್ವವು ಸತ್ತ್ವಗುಂದುವ ಪಕ್ಷಾಘಾತವು ಬೇರೆಯೇ ರೋಗವೆಂದು ಎಣಿಕೆಯಾಗಿದೆ. ಆಂಧ್ರ ಕರ್ನಾಟಕಗಳ ವೈದ್ಯರಲ್ಲಿ ಪ್ರಚಾರದಲ್ಲಿದ್ದ ಬಸವರಾಜೀಯವು ಕಂಪವಾತವನ್ನು ವರ್ಣಿಸುವಾಗ ಕೈಕಾಲುಗಳ ನಡುಕದೊಡನೆ ನಿದ್ರಾಭಂಗವನ್ನೂ ಬುದ್ಧಿಯ ಕ್ಷೀಣತೆಯನ್ನೂ ಹೇಳುತ್ತದೆ. ನಡುಕವನ್ನು ಕೈಗಳಿಗೆ ಮಾತ್ರ ಸೀಮಿತಗೊಳಿಸದೆ ನಿದ್ರೆ, ಮನಸ್ಸುಗಳವರೆಗೂ ಗಮನಿಸಿದ ಈ ದೃಷ್ಟಿಯು ಶ್ಲಾಘ್ಯವಾದುದು.

ಇನ್ನು ಯುನಾನಿ ಪದ್ಧತಿಯ ವಿಚಾರ. ಆದಿಲಶಾಹಿ ಅರಸರ ಕಾಲದಲ್ಲಿ ವಿಜಯಪುರವು ಅರಬ್ಬಿ, ಪಾರಸಿ ವೈದ್ಯವಿದ್ಯೆಗೆ ಆಶ್ರಯಸ್ಥಾನವಾಗಿತ್ತು. ಇತಿಹಾಸಕಾರನೆಂದೇ ಪ್ರಸಿದ್ಧನಾದ ಫಿರಿಶ್ತಾ ೧೫೮೯ರಲ್ಲಿ ಇಲ್ಲಿಗೆ ಬಂದು ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯವನ್ನು ಪಡೆದನು. ಆತನು ವೈದ್ಯನೂ ಆಗಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ‘ದಸ್ತೂರುಲ್ ಅತಿಬ್ಬಾ’ ಎಂಬ ತನ್ನ ಪಾರಸಿ ಗ್ರಂಥದಲ್ಲಿ ಆತನು ಭಾರತೀಯ ವೈದ್ಯವನ್ನು ಪಾರಸಿ ಬಲ್ಲವರಿಗಾಗಿ ನಿರೂಪಿಸಿದನು. ಎರಡು ವೈದ್ಯಪದ್ಧತಿಗಳು ಪರಸ್ಪರ ಮಾತನಾಡಿದ ಊರು ಇದೆಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ಯುನಾನಿ ಶಾಸ್ತ್ರದಲ್ಲಿಯೂ ನಡುಕವು ಪ್ರತ್ಯೇಕ ವ್ಯಾಧಿಯೇ ಆಗಿದೆ. ಇಬ್ನ್ ಸೀನಾನ ‘ಕಾನೂನ್’ ಗ್ರಂಥದ ಪರಂಪರೆಯಲ್ಲಿ ಮುಖದ ಒಂದು ಭಾಗ ಸೊಟ್ಟಗಾಗುವುದು ಲಕ್ವ; ಅರ್ಧಾಂಗವು ನಿಶ್ಚೇಷ್ಟಿತವಾಗುವುದು ಫಾಲಿಜ್; ನಡುಕವು ರಅಶಾ. ಅಂಗವನ್ನು ಎತ್ತಿ ಹಿಡಿಯುವ ಶಕ್ತಿ ಕುಂದಿ, ಅಂಗದ ಭಾರವು ಅದನ್ನು ಕೆಳಕ್ಕೆ ಜಗ್ಗುವಾಗ, ಈ ಎರಡರ ಸೆಣಸಾಟವೇ ನಡುಕವಾಗಿ ತೋರುತ್ತದೆಂಬುದು ಗ್ಯಾಲೆನನಿಂದ ಬಂದ ವಿವರಣೆ. ಇಂದಿನ ಜ್ಞಾನಕ್ಕೆ ಇದು ಒಪ್ಪುವುದಿಲ್ಲವಾದರೂ ನಡುಕವನ್ನು ಕಾರಣವುಳ್ಳ ರೋಗವೆಂದು ತಿಳಿದುದಂತೂ ಸ್ಪಷ್ಟವಾಗಿದೆ.

ಈ ಮೂರು ಹೆಸರುಗಳಲ್ಲಿ ಕನ್ನಡದ ಆಡುಮಾತಿಗೆ ಇಳಿದು ಬೇರೂರಿದ್ದು ಲಕ್ವವೊಂದೇ. ದವಾಖಾನೆ, ಹಕೀಮ ಮುಂತಾದ ಶಬ್ದಗಳ ಜೊತೆಯಲ್ಲಿ ಬಂದ ಈ ಶಬ್ದವು ಮುಖದಿಂದ ಕೈಗೂ ಕಾಲಿಗೂ ಹಬ್ಬಿ, ಪಾರ್ಶ್ವವಾಯುವನ್ನು ಪೂರ್ಣವಾಗಿ ಒಳಗೊಂಡಿತು. “ಲಕ್ವ ಹೊಡೆದದ” ಎಂಬ ಮಾತು ಈ ಸೀಮೆಯಲ್ಲಿ ತಿಳಿಯದವರಿಲ್ಲ. ರಅಶಾ ಎಂಬುದು ಪುಸ್ತಕದಲ್ಲಿಯೇ ಉಳಿಯಿತು. ವೇಪಥುವೂ ಶ್ಲೋಕವನ್ನು ದಾಟಿ ಬರಲಿಲ್ಲ. ಹೀಗಾಗಿ ಶಾಸ್ತ್ರಗಳೆರಡೂ ಬೇರ್ಪಡಿಸಿದ್ದ ನಡುಕಕ್ಕೆ ಜನರ ಬಾಯಲ್ಲಿ ರೋಗದ ಪದವಿಯೇ ದೊರೆಯಲಿಲ್ಲ. ಚಳಿಗೂ ಅಂಜಿಕೆಗೂ ಮುಪ್ಪಿಗೂ ಸಲ್ಲುವ ಸಾಮಾನ್ಯ ಶಬ್ದವೇ ಅದಕ್ಕೂ ಸಾಕಾಯಿತು.

ಇದು ನಮ್ಮ ಗ್ರಾಮಗಳ ಅಜ್ಞಾನವೆಂದು ಯಾರೂ ಭಾವಿಸಬಾರದು. ಯೂರೋಪಿನಲ್ಲಿಯೂ ಇಂತಹ ಗೊಂದಲವೇ ಇದ್ದಿತು. ೧೮೧೭ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಆರು ಮಂದಿಯನ್ನು ಆಧರಿಸಿ ತನ್ನ ಪ್ರಸಿದ್ಧ ಪ್ರಬಂಧವನ್ನು ಬರೆದನು. ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಆತನು ರೋಗಕ್ಕೆ ಇಟ್ಟ ಹೆಸರಿನ ಅರ್ಥ ‘ನಡುಗುವ ಲಕ್ವ’ ಎಂದೇ. ಪ್ಯಾರಿಸ್ಸಿನ ಶಾರ್ಕೋ ಈ ಹೆಸರನ್ನು ಆಕ್ಷೇಪಿಸಿದನು. ಇವರ ಸ್ನಾಯುಗಳಲ್ಲಿ ಬಲವು ಬಹುಕಾಲ ಉಳಿದಿರುತ್ತದೆ, ಆದುದರಿಂದ ಇದು ಲಕ್ವವಲ್ಲ. ಕೆಲವರಲ್ಲಿ ನಡುಕವೇ ಇರುವುದಿಲ್ಲ. ಚಲನೆಯ ಮಂದತೆ, ಅಂಗಗಳ ಬಿಗಿತ ಇವೂ ಮುಖ್ಯ ಲಕ್ಷಣಗಳೆಂದು ತೋರಿಸಿ, ಪಾರ್ಕಿನ್ಸನ್ನನ ಹೆಸರನ್ನೇ ರೋಗಕ್ಕೆ ಇಡಬೇಕೆಂದನು. ಕೈ ವಿಶ್ರಾಂತಿಯಲ್ಲಿರುವಾಗ ಬರುವ ನಡುಕವನ್ನು ಕೆಲಸದಲ್ಲಿ ತೊಡಗಿದಾಗ ಬರುವ ನಡುಕದಿಂದ ಬೇರ್ಪಡಿಸಿದ್ದು ಆತನ ದೊಡ್ಡ ಉಪಕಾರ.

ರೋಗದ ಮೂಲವನ್ನು ಅರಿಯುವಲ್ಲಿ ನಮ್ಮ ನಾಡಿನ ಎರಡು ಸಸ್ಯಗಳು ನೆರವಾದುದು ಸ್ವಾರಸ್ಯಕರವಾಗಿದೆ. ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ಇರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ೧೯೩೭ರಲ್ಲಿಯೇ ಪ್ರಕಟಿಸಿದ್ದರು. ೧೯೫೭ರಲ್ಲಿ ಸ್ವೀಡನ್ನಿನ ಕಾರ್ಲ್ಸನ್, ಸರ್ಪಗಂಧಿಯಿಂದ ದೊರೆಯುವ ರೆಸರ್ಪಿನ್ನನ್ನು ಮೊಲಗಳಿಗೆ ಕೊಟ್ಟಾಗ ಅವು ಅಲುಗಾಡದೆ ಬಿದ್ದವು; ಲೆವೊಡೋಪಾ ಕೊಟ್ಟೊಡನೆ ಎದ್ದವು. ೧೯೬೦ರಲ್ಲಿ ವಿಯೆನ್ನಾದ ವಿದ್ವಾಂಸರು ರೋಗಿಗಳ ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾಗಿರುವುದನ್ನು ಕಂಡರು. ೧೯೬೭ರಲ್ಲಿ ಕೊಟ್ಜಿಯಾಸ್ ಡೋಪಾವನ್ನು ಬಾಯಿಯ ಮೂಲಕ ಕ್ರಮೇಣ ಹೆಚ್ಚಿಸುತ್ತ ಕೊಟ್ಟು ಫಲ ಕಂಡನು. ಇದರಿಂದ ಬೀಜವನ್ನು ಮನಬಂದಂತೆ ತಿನ್ನಬಹುದೆಂದು ತಿಳಿಯಬಾರದು. ಪ್ರಮಾಣವನ್ನು ಅಳೆಯದ ಔಷಧವು ಅಪಾಯಕರ.

ಈಗ ಮೊದಲ ಪ್ರಶ್ನೆಗೆ ಹಿಂದಿರುಗೋಣ. ನಡುಕವೆಲ್ಲವೂ ಪಾರ್ಕಿನ್ಸನ್ ರೋಗವಲ್ಲ. ಚಹದ ಬಟ್ಟಲನ್ನು ಎತ್ತುವಾಗ, ಬರೆಯುವಾಗ ಹೆಚ್ಚುವ ನಡುಕವು ಹಲವು ಮನೆತನಗಳಲ್ಲಿ ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಬರುತ್ತದೆ. ಅದರ ಗತಿಯೂ ಔಷಧವೂ ಬೇರೆ. ಥೈರಾಯಿಡ್ ಗ್ರಂಥಿಯ ಅತಿಸ್ರಾವದಿಂದಲೂ ಕೆಲವು ಔಷಧಗಳಿಂದಲೂ ಕೈ ನಡುಗುವುದುಂಟು. ಎಲ್ಲಕ್ಕಿಂತ ಎಚ್ಚರಿಕೆಯಿಂದ ನೋಡಬೇಕಾದುದು ಎಳೆಯರ ನಡುಕ. ೧೯೧೨ರಲ್ಲಿ ವಿಲ್ಸನ್ ವರ್ಣಿಸಿದ ರೋಗದಲ್ಲಿ ತಾಮ್ರವು ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಸಂಗ್ರಹವಾಗಿ ನಡುಕ, ತೊದಲು, ಅಂಗವಕ್ರತೆಗಳು ತೋರುತ್ತವೆ. ಇದು ತಂದೆತಾಯಿಗಳಿಬ್ಬರಿಂದಲೂ ದೋಷವು ಬಂದಾಗ ಮಾತ್ರ ಉಂಟಾಗುವುದರಿಂದ, ಸೋದರಮಾವನೊಡನೆ ಅಥವಾ ಅತ್ತೆಯ ಮಗನೊಡನೆ ವಿವಾಹವಾಗುವ ರೂಢಿಯುಳ್ಳ ಪ್ರದೇಶಗಳಲ್ಲಿ ಇದರ ಸಂಭವ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ಕಂಡ ೨೮೨ ರೋಗಿಗಳ ವೃತ್ತಾಂತವನ್ನು ೨೦೦೭ರಲ್ಲಿ ಪ್ರಕಟಿಸಿದರು. ಸಕಾಲದಲ್ಲಿ ಗುರುತಿಸಿ ಚಿಕಿತ್ಸೆ ನಡೆಸಿದರೆ ಇಂತಹ ಮಗುವು ಶಾಲೆಗೆ ಮರಳಬಲ್ಲದು, ಬಿಟ್ಟರೆ ಪ್ರಾಣಾಪಾಯವುಂಟು. ರೋಗಿಯ ಒಡಹುಟ್ಟಿದವರನ್ನೂ ಪರೀಕ್ಷಿಸುವುದು ಅವಶ್ಯ. ಮುಪ್ಪಿಗೆ ಮೀಸಲಾದ ಶಬ್ದವು ಇಲ್ಲಿ ಏನನ್ನೂ ವಿವರಿಸಲಾರದು.

ವಿಜಯಪುರದಿಂದ ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ಆದರೆ ನಗರದಲ್ಲಿಯೇ ೧೯೮೪ರಲ್ಲಿ ಒಂದು, ೧೯೮೬ರಲ್ಲಿ ಇನ್ನೊಂದು ವೈದ್ಯಕೀಯ ಮಹಾವಿದ್ಯಾಲಯಗಳು ಸ್ಥಾಪಿತವಾದವು. ತಿಕೋಟಾ, ಬಬಲೇಶ್ವರಗಳು ಈಚೆಗೆ ತಾಲೂಕು ಕೇಂದ್ರಗಳಾಗಿವೆ. ಮೊದಲ ಪರೀಕ್ಷೆಗೆ ದೂರವು ಈಗ ಮುಖ್ಯವಾದ ತೊಡಕಲ್ಲ. ‘ಇದು ರೋಗವೇ ಅಲ್ಲ’ ಎಂಬ ಭಾವನೆಯೇ ದೊಡ್ಡ ತೊಡಕು.

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು: ನಡುಕವನ್ನು ಪ್ರತ್ಯೇಕ ವ್ಯಾಧಿಯೆಂದು ಗುರುತಿಸುವ ವಿವೇಕವು ಈ ನಾಡಿಗೆ ಹೊಸದಲ್ಲ; ಅದು ಸಂಸ್ಕೃತದಲ್ಲಿಯೂ ಪಾರಸಿ, ಅರಬ್ಬಿಗಳಲ್ಲಿಯೂ ಇದ್ದು, ಕನ್ನಡದ ಮನೆಮಾತಿಗೆ ಮಾತ್ರ ಇಳಿಯದೆ ಹೋಯಿತು. ಲಕ್ವವು ಅವಸರದ ರೋಗ, ನಡುಕವು ವಿಚಾರಿಸಿ ನೋಡಬೇಕಾದ ರೋಗ ಎಂಬ ಭೇದವನ್ನು ಗ್ರಾಮದ ಆರೋಗ್ಯ ಕಾರ್ಯಕರ್ತೆಯರೂ ಶಾಲೆಯ ಉಪಾಧ್ಯಾಯರೂ ಸುಲಭವಾದ ಕನ್ನಡದಲ್ಲಿ ಹೇಳುವಂತಾದರೆ, ನಾಲ್ಕು ಶತಮಾನಗಳ ಹಿಂದೆ ಫಿರಿಶ್ತಾ ಪಾರಸಿಯಲ್ಲಿ ಕೈಗೊಂಡ ಕಾರ್ಯವು ಈ ಊರಿನಲ್ಲಿ ಕನ್ನಡದಲ್ಲಿಯೂ ಮುಂದುವರಿದಂತಾಗುವುದು.