ನಂಜನಗೂಡು–ತಿ. ನರಸೀಪುರ ಪ್ರದೇಶದ ವೈರಾಣು ಪರೀಕ್ಷೆ ಮತ್ತು ದೈನಂದಿನ ವೈದ್ಯಕೀಯ ಸೇವೆ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳಲ್ಲಿ ಜ್ವರ, ಗಾಯ, ಹಾವು-ನಾಯಿ ಕಡಿತ ಮೊದಲಾದ ತಕ್ಷಣದ ತೊಂದರೆಗಳಿಗೆ ಚಿಕಿತ್ಸೆ ದೊರೆಯುವುದು ಮುಖ್ಯವಾಗಿ ಸರ್ಕಾರಿ ಆರೋಗ್ಯ ಕೇಂದ್ರಗಳು, ತಾಲ್ಲೂಕು ಆಸ್ಪತ್ರೆಗಳು ಹಾಗೂ ಖಾಸಗಿ ಕ್ಲಿನಿಕ್‌ಗಳಲ್ಲಿ. ೨೦೨೦ರ ಮಾರ್ಚ್‌ನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್-೧೯ ಹರಡಿದ ಮೇಲೆ ಈ ಪ್ರದೇಶ ರಾಜ್ಯದಾದ್ಯಂತ ಸುದ್ದಿಯಾಯಿತು. ವೈರಾಣು ಪರೀಕ್ಷೆ ಎಂಬುದು ಇಲ್ಲಿನ ಜನರ ನಿತ್ಯದ ಮಾತಿಗೆ ಬಂದದ್ದೂ ಆಗಲೇ.

ಹಿನ್ನೆಲೆ

ಕಪಿಲೆಯ ದಡದಲ್ಲಿರುವ ನಂಜನಗೂಡಿಗೆ ರೋಗ ನಿವಾರಣೆಯ ನಂಬಿಕೆಯೊಂದಿಗೆ ಹಳೆಯ ನಂಟಿದೆ. ಇಲ್ಲಿನ ಶ್ರೀಕಂಠೇಶ್ವರನಿಗೆ ಹರಕೆ ಹೊತ್ತ ಮೇಲೆ ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾಯಿತೆಂದೂ, ಅಂದಿನಿಂದ ಆತ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂದೂ ಪ್ರತೀತಿ. ಆಯುರ್ವೇದ ಔಷಧ ಮತ್ತು ಹಲ್ಲುಪುಡಿಯಿಂದಲೂ ಊರಿನ ಹೆಸರು ದೂರದವರೆಗೆ ತಲುಪಿತ್ತು. ಇತ್ತೀಚಿನ ದಶಕಗಳಲ್ಲಿ ಇಲ್ಲಿ ದೊಡ್ಡ ಕೈಗಾರಿಕಾ ಪ್ರದೇಶ ಬೆಳೆದಿದೆ.

ನಂಜನಗೂಡು ಮೈಸೂರಿನಿಂದ ಸುಮಾರು ೨೩ ಕಿ.ಮೀ. ದೂರದಲ್ಲಿದೆ. ಕಾವೇರಿ-ಕಪಿಲೆಗಳ ಸಂಗಮದಲ್ಲಿರುವ ತಿ. ನರಸೀಪುರಕ್ಕೆ ಸುಮಾರು ೩೦ ಕಿ.ಮೀ., ಅದೇ ತಾಲ್ಲೂಕಿನ ಹೋಬಳಿ ಕೇಂದ್ರವಾದ ತಲಕಾಡಿಗೆ ಸುಮಾರು ೪೫ ಕಿ.ಮೀ. ಕಾಯಿಲೆ ಉಲ್ಬಣಿಸಿದಾಗ ಈ ಅಂತರವೇ ನಿರ್ಣಾಯಕವಾಗುತ್ತದೆ. ತೀವ್ರ ನಿಗಾ ಬೇಕಾದ ರೋಗಿಗಳನ್ನು ಸಾಮಾನ್ಯವಾಗಿ ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಗೆ, ಇಲ್ಲವೇ ಅಲ್ಲಿನ ಖಾಸಗಿ ಆಸ್ಪತ್ರೆಗಳಿಗೆ ಕಳುಹಿಸಲಾಗುತ್ತದೆ.

೨೦೨೦ರ ಸೋಂಕು

ಕರ್ನಾಟಕದ ಮೊದಲ ಕೋವಿಡ್-೧೯ ಪ್ರಕರಣ ೨೦೨೦ರ ಮಾರ್ಚ್ ಎರಡನೆಯ ವಾರದಲ್ಲಿ ಬೆಂಗಳೂರಿನಲ್ಲಿ ದೃಢಪಟ್ಟಿತು. ಆರಂಭದಲ್ಲಿ ಪರೀಕ್ಷೆ ನಡೆಯುತ್ತಿದ್ದುದು ಹೆಚ್ಚಾಗಿ ವಿದೇಶದಿಂದ ಬಂದವರಿಗೆ ಮತ್ತು ಅವರ ಸಂಪರ್ಕಿತರಿಗೆ ಮಾತ್ರ. ಮಾರ್ಚ್ ೨೦ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತೀವ್ರ ಉಸಿರಾಟದ ತೊಂದರೆಯಿಂದ ಆಸ್ಪತ್ರೆಗೆ ದಾಖಲಾದವರೆಲ್ಲರಿಗೂ, ರೋಗಲಕ್ಷಣವುಳ್ಳ ಆರೋಗ್ಯ ಸಿಬ್ಬಂದಿಗೂ ಪರೀಕ್ಷೆಯನ್ನು ವಿಸ್ತರಿಸಿತು. ಇದಾದ ಒಂದು ವಾರದೊಳಗೆ, ಮಾರ್ಚ್ ೨೬ರಂದು, ನಂಜನಗೂಡಿನ ಜುಬಿಲೆಂಟ್ ಜೆನೆರಿಕ್ಸ್ ಔಷಧ ಕಾರ್ಖಾನೆಯ ನೌಕರರೊಬ್ಬರಲ್ಲಿ ಸೋಂಕು ಪತ್ತೆಯಾಯಿತು. ರಾಜ್ಯದ ೫೨ನೆಯ ರೋಗಿಯಾದ್ದರಿಂದ ಅವರನ್ನು ಸರ್ಕಾರದ ಪ್ರಕಟಣೆಗಳಲ್ಲಿ 'ಪಿ-೫೨' ಎಂದು ಸೂಚಿಸಲಾಯಿತು. ಅವರು ವಿದೇಶಕ್ಕೆ ಹೋಗಿ ಬಂದವರಲ್ಲ ಎಂಬುದೇ ಆತಂಕಕ್ಕೆ ಮುಖ್ಯ ಕಾರಣವಾಗಿತ್ತು.

ಕಾರ್ಖಾನೆಯನ್ನು ಮುಚ್ಚಿಸಿ, ಸಾವಿರಕ್ಕೂ ಹೆಚ್ಚು ನೌಕರರನ್ನು ಮನೆಗಳಲ್ಲಿಯೂ ಇತರ ಸ್ಥಳಗಳಲ್ಲಿಯೂ ಕ್ವಾರಂಟೈನ್‌ಗೆ ಒಳಪಡಿಸಲಾಯಿತು. ನೌಕರರು ನಂಜನಗೂಡಿನಲ್ಲಷ್ಟೇ ಅಲ್ಲದೆ ಮೈಸೂರು ನಗರ ಮತ್ತು ಸುತ್ತಲಿನ ಊರುಗಳಲ್ಲಿಯೂ ವಾಸವಾಗಿದ್ದರಿಂದ ಸಂಪರ್ಕಿತರ ಪಟ್ಟಿ ಬೆಳೆಯುತ್ತಲೇ ಹೋಯಿತು. ಪಟ್ಟಣದ ಸಂಚಾರವನ್ನು ನಿರ್ಬಂಧಿಸಲಾಯಿತು. ಆ ವರ್ಷ ನಂಜುಂಡೇಶ್ವರನ ದೊಡ್ಡ ಜಾತ್ರೆಯೂ ನಡೆಯಲಿಲ್ಲ.

ಸೋಂಕಿನ ಮೂಲದ ಬಗ್ಗೆ ಹಲವು ಊಹೆಗಳು ಹುಟ್ಟಿಕೊಂಡವು. ಚೀನಾದಿಂದ ಬಂದ ಕಚ್ಚಾವಸ್ತುವಿನ ಪೆಟ್ಟಿಗೆಗಳ ಮೇಲೆ ಶಂಕೆ ಮೂಡಿ, ಮಾದರಿಗಳನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಕಳುಹಿಸಲಾಯಿತು. ಅವುಗಳಲ್ಲಿ ಸೋಂಕು ಕಂಡುಬರಲಿಲ್ಲ. ತನಿಖೆಗಾಗಿ ಸರ್ಕಾರವು ಹಿರಿಯ ಐಎಎಸ್ ಅಧಿಕಾರಿ ಹರ್ಷ ಗುಪ್ತ ಅವರನ್ನು ನೇಮಿಸಿತು. ಮೊದಲ ಹಂತದಲ್ಲಿ ಮೈಸೂರು ಜಿಲ್ಲೆಯಲ್ಲಿ ದೃಢಪಟ್ಟ ೯೦ ಪ್ರಕರಣಗಳಲ್ಲಿ ಬಹುಪಾಲು ಈ ಕಾರ್ಖಾನೆಯೊಂದಿಗೆ ನಂಟುಳ್ಳವು. ಮೇ ಮಧ್ಯದ ಹೊತ್ತಿಗೆ ೯೦ ಮಂದಿಯೂ ಗುಣಮುಖರಾಗಿ ಮನೆಗೆ ತೆರಳಿದರು. ಅದೇ ತಿಂಗಳು ಕಾರ್ಖಾನೆಯ ಮಾತೃಸಂಸ್ಥೆಯು ಕೋವಿಡ್ ಚಿಕಿತ್ಸೆಗೆ ಬಳಸಲಾಗುತ್ತಿದ್ದ ರೆಮ್‌ಡೆಸಿವಿರ್ ಔಷಧವನ್ನು ತಯಾರಿಸಲು ಅಮೆರಿಕದ ಗಿಲಿಯಡ್ ಕಂಪನಿಯಿಂದ ಪರವಾನಗಿ ಪಡೆಯಿತು.

ಪರೀಕ್ಷೆಯ ವಿಧಾನ

ಪರೀಕ್ಷೆಗೆ ಮೂಗು ಮತ್ತು ಗಂಟಲಿನ ದ್ರವವನ್ನು ಹತ್ತಿ ಸುತ್ತಿದಂತಿರುವ ಕಡ್ಡಿಯಿಂದ ತೆಗೆಯಲಾಗುತ್ತದೆ. ಪತ್ರಿಕೆಗಳು ಇದನ್ನು 'ಗಂಟಲು ದ್ರವ ಪರೀಕ್ಷೆ' ಎಂದೇ ಬರೆದವು. ಕಡ್ಡಿಯನ್ನು ವೈರಾಣು ಕೆಡದಂತೆ ಕಾಪಾಡುವ ದ್ರಾವಣದ ಕೊಳವೆಯಲ್ಲಿರಿಸಿ, ೨ರಿಂದ ೮ ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಪ್ರಯೋಗಾಲಯಕ್ಕೆ ಸಾಗಿಸಬೇಕು. ಅಲ್ಲಿ ವೈರಾಣುವಿನ ಆರ್‌ಎನ್‌ಎಯನ್ನು ಬೇರ್ಪಡಿಸಿ, ಡಿಎನ್‌ಎಗೆ ಪರಿವರ್ತಿಸಿ, ಮತ್ತೆ ಮತ್ತೆ ದ್ವಿಗುಣಗೊಳಿಸಿ ಗುರುತಿಸುವ ವಿಧಾನವೇ ಆರ್‌ಟಿ-ಪಿಸಿಆರ್. ಮೈಸೂರು ವೈದ್ಯಕೀಯ ಕಾಲೇಜಿನ ವೈರಾಣು ಪ್ರಯೋಗಾಲಯವು ಬೆಂಗಳೂರು, ಹಾಸನ, ಶಿವಮೊಗ್ಗಗಳ ಪ್ರಯೋಗಾಲಯಗಳೊಂದಿಗೆ ರಾಜ್ಯದಲ್ಲಿ ಮೊದಮೊದಲು ಅನುಮತಿ ಪಡೆದವುಗಳಲ್ಲಿ ಒಂದು. ಹೀಗಾಗಿ ನಂಜನಗೂಡಿನ ಮಾದರಿಗಳು ದೂರ ಹೋಗಬೇಕಾಗಿ ಬರಲಿಲ್ಲ.

೨೦೨೦ರ ಜೂನ್‌ನಲ್ಲಿ ಅನುಮೋದನೆ ಪಡೆದ ರ‍್ಯಾಪಿಡ್ ಆ್ಯಂಟಿಜನ್ ಪರೀಕ್ಷೆಯು ಅರ್ಧ ಗಂಟೆಯೊಳಗೆ ಫಲಿತಾಂಶ ಕೊಡುತ್ತದೆ. ಇದರಲ್ಲಿ 'ಪಾಸಿಟಿವ್' ಬಂದರೆ ಸೋಂಕಿದೆ ಎಂದೇ ಪರಿಗಣಿಸಲಾಗುತ್ತಿತ್ತು. ರೋಗಲಕ್ಷಣವಿದ್ದೂ 'ನೆಗೆಟಿವ್' ಬಂದವರಿಗೆ ಆರ್‌ಟಿ-ಪಿಸಿಆರ್ ಮಾಡಿಸಬೇಕೆಂಬ ನಿಯಮವಿತ್ತು. ನೆಗೆಟಿವ್ ವರದಿ ಹಿಡಿದು ಕೆಮ್ಮುತ್ತಲೇ ಕೆಲಸಕ್ಕೆ ಹೋಗುವುದರ ಅಪಾಯ ಇದರಿಂದಲೇ ತಿಳಿಯುತ್ತದೆ.

ಫೀವರ್ ಕ್ಲಿನಿಕ್‌ಗಳು

ಜ್ವರ, ಕೆಮ್ಮು, ಶೀತದಿಂದ ಬಳಲುವವರು ಇತರ ಹೊರರೋಗಿಗಳೊಡನೆ ಬೆರೆಯದಂತೆ ೨೦೨೦ರಲ್ಲಿ ರಾಜ್ಯದೆಲ್ಲೆಡೆ ಫೀವರ್ ಕ್ಲಿನಿಕ್‌ಗಳನ್ನು ತೆರೆಯಲಾಯಿತು. ಮೈಯುಷ್ಣ ಮತ್ತು ರಕ್ತದ ಆಮ್ಲಜನಕದ ಪ್ರಮಾಣ ನೋಡಿ, ಪ್ರಯಾಣ ಮತ್ತು ಸಂಪರ್ಕದ ವಿವರ ಬರೆದುಕೊಂಡು, ಮನೆಗೋ ಪರೀಕ್ಷೆಗೋ ಆಸ್ಪತ್ರೆಗೋ ಕಳುಹಿಸುವುದು ಇವುಗಳ ಕೆಲಸವಾಗಿತ್ತು. ಏಪ್ರಿಲ್‌ನಲ್ಲಿ ಆರಂಭವಾದ 'ಆಪ್ತಮಿತ್ರ' ಸಹಾಯವಾಣಿ (೧೪೪೧೦) ದೂರವಾಣಿಯ ಮೂಲಕವೂ ಸಲಹೆ ನೀಡಿತು. ಮನೆ ಮನೆ ಸಮೀಕ್ಷೆಯ ಹೊರೆ ಬಿದ್ದದ್ದು ಆಶಾ ಕಾರ್ಯಕರ್ತೆಯರ ಮೇಲೆ. ಎರಡನೆಯ ಅಲೆಯಲ್ಲಿ, ೨೦೨೧ರ ಮೇ ತಿಂಗಳಲ್ಲಿ, 'ವೈದ್ಯರ ನಡೆ ಹಳ್ಳಿ ಕಡೆ' ಯೋಜನೆಯಡಿ ವೈದ್ಯರೇ ಪರೀಕ್ಷಾ ಸಲಕರಣೆಗಳೊಂದಿಗೆ ಹಳ್ಳಿಗಳಿಗೆ ತೆರಳಿದರು.

ಪರೀಕ್ಷೆಯ ಗುರಿ ಮತ್ತು ವಿವಾದ

೨೦೨೦ರ ಆಗಸ್ಟ್‌ನಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕೆ ಇಂತಿಷ್ಟು ಪರೀಕ್ಷೆ ನಡೆಸಬೇಕೆಂಬ ಗುರಿಯೂ ಮೇಲಧಿಕಾರಿಗಳ ಒತ್ತಡವೂ ಇದಕ್ಕೆ ಕಾರಣವೆಂದು ಸಹೋದ್ಯೋಗಿಗಳು ಆರೋಪಿಸಿದರು. ಮೈಸೂರಿನಲ್ಲಿ ಸರ್ಕಾರಿ ವೈದ್ಯರು ಪ್ರತಿಭಟನೆಗೆ ಇಳಿದರು. ಸರ್ಕಾರವು ತನಿಖೆಗೆ ಆದೇಶಿಸಿ, ಕುಟುಂಬಕ್ಕೆ ೫೦ ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ತಾಲ್ಲೂಕು ಮಟ್ಟದಲ್ಲಿ ಪರೀಕ್ಷೆ, ಸಂಪರ್ಕಿತರ ಪತ್ತೆ, ದೈನಂದಿನ ವರದಿ ಮತ್ತು ಎಂದಿನ ಆರೋಗ್ಯ ಕಾರ್ಯಕ್ರಮಗಳೆಲ್ಲ ಕೆಲವೇ ಸಿಬ್ಬಂದಿಯ ಹೆಗಲೇರಿದ್ದ ಸಂಗತಿ ಈ ಸಾವಿನಿಂದ ಸಾರ್ವಜನಿಕ ಚರ್ಚೆಗೆ ಬಂದಿತು. ಪರೀಕ್ಷೆಗಳ ಸಂಖ್ಯೆ ಪ್ರತಿದಿನ ಪ್ರಕಟವಾಗುತ್ತಿತ್ತು, ಅವುಗಳನ್ನು ನಡೆಸಿದವರ ದುಡಿಮೆಯ ಗಂಟೆಗಳು ಯಾವ ಪ್ರಕಟಣೆಯಲ್ಲಿಯೂ ಇರಲಿಲ್ಲ.

ದೈನಂದಿನ ಸೇವೆಗಳು

ಬಯಲು ಪ್ರದೇಶದಲ್ಲಿ ೫,೦೦೦ ಜನಸಂಖ್ಯೆಗೆ ಒಂದು ಉಪಕೇಂದ್ರ, ೩೦,೦೦೦ಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಲಸಿಕೆ, ಗರ್ಭಿಣಿಯರ ತಪಾಸಣೆ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆ, ಕಫ ಪರೀಕ್ಷೆ, ಗಾಯಕ್ಕೆ ಹೊಲಿಗೆ ಮತ್ತು ಪಟ್ಟಿ ಇಂಥ ಕೇಂದ್ರಗಳ ನಿತ್ಯದ ಕೆಲಸ.

ಭತ್ತ ಮತ್ತು ಕಬ್ಬಿನ ಗದ್ದೆಗಳಿರುವ ಈ ತಾಲ್ಲೂಕುಗಳಲ್ಲಿ ಹಾವು ಕಡಿತದ ಭಯ ಸದಾ ಇರುತ್ತದೆ. ಕಟ್ಟು ಬಿಗಿಯುವುದು, ಕಡಿದ ಜಾಗವನ್ನು ಕೊಯ್ಯುವುದು, ನಾಟಿ ಮದ್ದಿಗಾಗಿ ಅಲೆಯುವುದು ಇವುಗಳಿಂದ ಹಾನಿಯೇ ಹೆಚ್ಚು. ಕಡಿತಕ್ಕೊಳಗಾದ ಅಂಗವನ್ನು ಅಲುಗಾಡಿಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಬೇಗ ಮುಟ್ಟಿಸಬೇಕು. ೨೦೨೪ರಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ನಾಯಿ ಕಡಿದಾಗ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ೧೫ ನಿಮಿಷ ತೊಳೆಯಬೇಕು. ಚರ್ಮದೊಳಕ್ಕೆ ಕೊಡುವ ರೇಬಿಸ್ ಲಸಿಕೆಯನ್ನು ೦, ೩, ೭ ಮತ್ತು ೨೮ನೆಯ ದಿನಗಳಲ್ಲಿ ನೀಡಲಾಗುತ್ತದೆ. ಆಳವಾದ ಗಾಯಗಳಿಗೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ. ರೇಬಿಸ್ ಸಹ ವೈರಾಣು ರೋಗವೇ ಆದರೂ ಇದರಲ್ಲಿ ಪರೀಕ್ಷೆಗಾಗಿ ಕಾಯುವಂತಿಲ್ಲ. ಲಕ್ಷಣ ಕಾಣಿಸಿಕೊಂಡ ಮೇಲೆ ರೋಗಿ ಬದುಕುಳಿಯುವುದು ತೀರ ಅಪರೂಪ.

ಮಳೆಗಾಲದ ಜ್ವರಗಳಲ್ಲಿ ಡೆಂಗಿ ಮುಖ್ಯವಾದುದು. ಜ್ವರ ಬಂದ ಮೊದಲ ಐದು ದಿನಗಳಲ್ಲಿ ಎನ್‌ಎಸ್೧, ಆ ಬಳಿಕ ಐಜಿಎಂ ಪರೀಕ್ಷೆ ಹೆಚ್ಚು ಉಪಯುಕ್ತ. ಖಾಸಗಿ ಪ್ರಯೋಗಾಲಯಗಳು ಮನಬಂದ ದರ ವಸೂಲು ಮಾಡದಂತೆ ೨೦೨೪ರ ಜುಲೈನಲ್ಲಿ ರಾಜ್ಯ ಸರ್ಕಾರವು ಎರಡೂ ಎಲಿಸಾ ಪರೀಕ್ಷೆಗಳಿಗೆ ತಲಾ ೩೦೦ ರೂಪಾಯಿ ಗರಿಷ್ಠ ದರ ನಿಗದಿಪಡಿಸಿತು.

ತಲಕಾಡಿನ ಪಂಚಲಿಂಗ ದರ್ಶನ ಮತ್ತು ತಿ. ನರಸೀಪುರದ ಕುಂಭಮೇಳದಂತಹ ಸಂದರ್ಭಗಳಲ್ಲಿ ಒಮ್ಮೆಲೇ ಅಪಾರ ಜನ ಸೇರುತ್ತಾರೆ. ೨೦೨೦ರ ಡಿಸೆಂಬರ್‌ನ ಪಂಚಲಿಂಗ ದರ್ಶನವು ಸೋಂಕಿನ ಕಾರಣದಿಂದ ಭಕ್ತರ ಸಂಖ್ಯೆಯನ್ನು ಮಿತಿಗೊಳಿಸಿ ನಡೆಯಿತು. ಉಳಿದ ದಿನಗಳಲ್ಲಿಯೂ ತಲಕಾಡಿನ ಹೊಳೆಗಿಳಿದು ಸೆಳವಿಗೆ ಸಿಲುಕುವ ಪ್ರವಾಸಿಗರಿದ್ದಾರೆ. ಇಂಥ ತುರ್ತು ಸಂದರ್ಭಗಳಲ್ಲಿ ೧೦೮ ಸಂಖ್ಯೆಗೆ ಕರೆ ಮಾಡಿದರೆ 'ಆರೋಗ್ಯ ಕವಚ' ಆಂಬ್ಯುಲೆನ್ಸ್ ಉಚಿತವಾಗಿ ಬರುತ್ತದೆ. ಈ ಸೇವೆ ರಾಜ್ಯದಲ್ಲಿ ೨೦೦೮ರ ನವೆಂಬರ್‌ನಿಂದ ಜಾರಿಯಲ್ಲಿದೆ.