ಎತ್ತು ಬಿದ್ದ ಮೇಲೆ ಫಿರಂಗಿ ಎಳೆಯೋರು ಯಾರು?

ಮೂರನೇ ಮೈಸೂರು ಯುದ್ಧ ಅಂದ ಕೂಡಲೇ ನೆನಪಾಗೋದು ಟಿಪ್ಪು, ಕಾರ್ನ್‌ವಾಲಿಸ್, ಒತ್ತೆಯಿಟ್ಟ ಇಬ್ಬರು ಮಕ್ಕಳು. ಶಾಲೆಯಲ್ಲಿ ನಾನೂ ಅಷ್ಟನ್ನೇ ಬಾಯಿಪಾಠ ಮಾಡಿ ಅಂಕ ತಗೊಂಡವನು. ಈಚೆಗೆ ಮತ್ತೆ ಓದುವಾಗ ನನ್ನ ಕಣ್ಣಿಗೆ ಬಿದ್ದದ್ದು ಎತ್ತುಗಳು.

1789ರ ಡಿಸೆಂಬರಿನಲ್ಲಿ ಟಿಪ್ಪು ತಿರುವಾಂಕೂರಿನ ಗಡಿಕೋಟೆಗಳ ಮೇಲೆ ಬಿದ್ದ. ತಿರುವಾಂಕೂರು ಕಂಪನಿಯ ಮಿತ್ರರಾಜ್ಯ, ಹಾಗಾಗಿ ಯುದ್ಧಕ್ಕೆ ಕಾರಣ ಸಿಕ್ಕಿತು. 1790ರಲ್ಲಿ ಮರಾಠರು, ನಿಜಾಮ ಇಬ್ಬರೂ ಕಂಪನಿ ಜೊತೆ ಸೇರಿದರು. ಒಬ್ಬನ ಮೇಲೆ ಮೂವರು! 1781ರಲ್ಲಿ ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದ ಕಾರ್ನ್‌ವಾಲಿಸ್ ಈಗ ಇಲ್ಲಿ ಗವರ್ನರ್ ಜನರಲ್. 1791ರ ಮಾರ್ಚ್ 21ರ ರಾತ್ರಿ ಬೆಂಗಳೂರು ಕೋಟೆ ಹಿಡಿದ. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ.

ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಕನಕಪುರದ ದಾರಿ ಹಿಡಿದು ಶ್ರೀರಂಗಪಟ್ಟಣಕ್ಕೆ ಹೊರಟ. ಶತ್ರುವಿಗೆ ಏನೂ ಸಿಗಬಾರದು ಅಂತ ಟಿಪ್ಪು ದಾರಿಯ ಮೇವು, ಧಾನ್ಯ ಎಲ್ಲ ನಾಶ ಮಾಡಿಸಿದ್ದ. 15ರಂದು ಅರಕೆರೆ ಹತ್ತಿರ ಕಾಳಗ ನಡೆದು ಕಾರ್ನ್‌ವಾಲಿಸನೇ ಗೆದ್ದ. ಆದರೆ ಗೆದ್ದು ಏನು ಬಂತು? ಮಳೆ, ಹಸಿವು, ರೋಗ. ಎತ್ತುಗಳು ಸಾಲುಸಾಲಾಗಿ ಸತ್ತವು. ಸಿಪಾಯಿಗಳೇ ಫಿರಂಗಿ ಎಳೆದರು. ಕೊನೆಗೆ ಕೋಟೆ ಒಡೆಯೋಕೆ ತಂದ ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿಸಿ, 26ರಂದು ವಾಪಸ್ ಹೊರಟ.

ವಿಚಿತ್ರ ನೋಡಿ, ಅದೇ ದಿನ ದಾರಿಯಲ್ಲಿ ಮರಾಠರ ಕುದುರೆ ಸವಾರರು ಎದುರಾದರು. ಅವರ ಹಿಂದೆ ಕಾಳುಕಡ್ಡಿ ತುಂಬಿದ ಬಜಾರೇ ಇತ್ತು. ಅವರು ಬರ್ತಿರೋ ಸುದ್ದಿ ತಂದ ದೂತರನ್ನು ಟಿಪ್ಪುವಿನ ಸವಾರರು ನಡುದಾರಿಯಲ್ಲೇ ತಡೆದಿದ್ದರು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಸರ್ವರ್ ಇತ್ತು, ನೆಟ್‌ವರ್ಕ್ ಇರಲಿಲ್ಲ.

ಕಾರ್ನ್‌ವಾಲಿಸ್ ಪಾಠ ಕಲಿತ. ಲಂಬಾಣಿಗಳ ಹೇರೆತ್ತುಗಳ ಮೇಲೆ ದವಸ ತರಿಸಿಕೊಂಡ. ಅಕ್ಟೋಬರಿನಲ್ಲಿ ನಂದಿ, ಡಿಸೆಂಬರಿನಲ್ಲಿ ಸಾವನದುರ್ಗ ಹಿಡಿದು ಬೆನ್ನಹಿಂದಿನ ದಾರಿ ಭದ್ರ ಮಾಡಿಕೊಂಡ. 1792ರ ಫೆಬ್ರವರಿ 6ರ ರಾತ್ರಿ ಮತ್ತೆ ಶ್ರೀರಂಗಪಟ್ಟಣದ ಮೇಲೆ ಬಿದ್ದ. ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಕಳಕೊಂಡ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಹಣ ತೀರೋವರೆಗೆ ಇಬ್ಬರು ಮಕ್ಕಳು ಒತ್ತೆ.

ಟಿಪ್ಪು ಮೇವು ಸುಡಿಸಿದ್ದು ಜಾಣತನವೇ, ಅದರಿಂದ ಒಂಬತ್ತು ತಿಂಗಳು ಉಸಿರಾಡಲು ಸಿಕ್ಕಿತು. ಆದರೆ ನಾನು ಹಳ್ಳಿಯವನು. ನಾನು ಚಿಕ್ಕವನಿದ್ದಾಗ ಒಂದು ಬರದ ವರ್ಷ ಹುಲ್ಲು ಮುಗಿದು ಮನೆಯ ಜೋಡಿ ಎತ್ತು ಮಾರಬೇಕಾಯ್ತು. ತಾತ ಎರಡು ದಿನ ಊಟ ಮುಟ್ಟಲಿಲ್ಲ. ಆ ಮೇ ತಿಂಗಳಲ್ಲಿ ಉರಿದ ಬಣವೆಗಳೂ ಯಾವುದೋ ತಾತಂದಿರವೇ. ಅವರು ಟಿಪ್ಪುವಿಗೂ ಕಂದಾಯ ಕಟ್ಟಿದವರು, ದಂಡು ಬಂದಾಗ ಊರು ಬಿಟ್ಟು ಓಡಿದವರು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅಂತ ನಾವು ವರ್ಷಾ ವರ್ಷಾ ಜಗಳ ಆಡ್ತೀವಿ. ಆಡೋಣ, ಬೇಡ ಅನ್ನಲ್ಲ. ಆ ವರ್ಷ ಅರಕೆರೆ ದಾರಿಯ ರೈತ ಮುಂಗಾರಿಗೆ ಯಾವ ಎತ್ತು ಕಟ್ಟಿ ಉತ್ತ ಅನ್ನೋದನ್ನೂ ಒಮ್ಮೆ ಕೇಳೋಣ.