ಆಟೊಮ್ಯಾಟಿಕ್ ಕಾರಿನ ದ್ರವ ಸೋರಿಕೆ: ರೇಸ್ ಟ್ರ್ಯಾಕಿನ ನಂತರದ ತಪಾಸಣೆ

ಟ್ರ್ಯಾಕಿನಲ್ಲಿ ಬಿರುಸಾಗಿ ಓಡಿಸಿದ ಆಟೊಮ್ಯಾಟಿಕ್ ಕಾರಿನಿಂದ ಗೇರ್ ಆಯಿಲ್, ಎಂಜಿನ್ ಆಯಿಲ್, ಕೂಲೆಂಟ್ ಅಥವಾ ಬ್ರೇಕ್ ಆಯಿಲ್ ಹೊರಬಂದಾಗ ಅದರ ಮೂಲವನ್ನೂ ಕಾರಣವನ್ನೂ ಗುರುತಿಸುವ ಕ್ರಮ. ಕರ್ನಾಟಕದ ಹವ್ಯಾಸಿ ಚಾಲಕರು ಇಂಥ ಓಟಕ್ಕೆ ಹೆಚ್ಚಾಗಿ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಟ್ರ್ಯಾಕುಗಳಿಗೆ ಹೋಗುತ್ತಾರೆ.

ಬಿಸಿಯ ಪಾತ್ರ

ಟಾರ್ಕ್ ಕನ್ವರ್ಟರ್ ಇರುವ ಗೇರ್ ಬಾಕ್ಸಿನಲ್ಲಿ ಆಯಿಲ್ ಶಕ್ತಿಯನ್ನು ಸಾಗಿಸುತ್ತದೆ, ಕ್ಲಚ್‌ಗಳನ್ನು ಒತ್ತುತ್ತದೆ, ಬಿಸಿಯನ್ನೂ ಹೊರಗೆ ಒಯ್ಯುತ್ತದೆ. ರಸ್ತೆಯಲ್ಲಿ ಅದರ ತಾಪ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್. ಟ್ರ್ಯಾಕಿನಲ್ಲಿ 120 ದಾಟಿದರೆ ಆಯಿಲ್ ಬೇಗ ಕೆಡುತ್ತದೆ, ನೈಟ್ರೈಲ್ ರಬ್ಬರಿನ ಸೀಲುಗಳು ಗಡುಸಾಗತೊಡಗುತ್ತವೆ. ಹೊರಗಿನ ಗಾಳಿಯ ತಾಪವೂ ಇಲ್ಲಿ ಮುಖ್ಯ. 95 ಡಿಗ್ರಿಯ ಆಯಿಲನ್ನು ತಣಿಸುವ ಗಾಳಿ 25 ಡಿಗ್ರಿ ಇದ್ದರೆ ಅಂತರ 70. ರಾಯಚೂರು, ದೇವಸುಗೂರು, ಮಾನ್ವಿಯ ಮೇ ತಿಂಗಳಂತೆ 42 ಇದ್ದರೆ ಅಂತರ 53ಕ್ಕೆ ಇಳಿಯುತ್ತದೆ. ಅದೇ ಕೂಲರ್ ಹೊರಹಾಕುವ ಬಿಸಿ ಹೆಚ್ಚುಕಡಿಮೆ ಕಾಲು ಭಾಗ ತಗ್ಗುತ್ತದೆ. ಬೆಂಗಳೂರಿನಲ್ಲಿ ಸೋರದ ಕಾರು ರಾಯಚೂರಿನಲ್ಲಿ ಸೋರಲು ಇದೂ ಒಂದು ಕಾರಣವಾಗಬಹುದು.

ಆಯಿಲಿನ ಚರಿತ್ರೆ

ಆಟೊಮ್ಯಾಟಿಕ್ ಗೇರ್ ಆಯಿಲಿಗೆ ಜನರಲ್ ಮೋಟಾರ್ಸ್ 1949ರಲ್ಲಿ ‘ಟೈಪ್ ಎ’ ಎಂಬ ಮಾನಕವನ್ನು ತಂದಿತು. ಕ್ಲಚ್‌ಗಳು ಜರ್ಕ್ ಇಲ್ಲದೆ ಹಿಡಿಯಲೆಂದು ಆ ಕಾಲದ ಆಯಿಲುಗಳಿಗೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ವನ್ಯಜೀವಿ ಕಾನೂನುಗಳು ಅದನ್ನು ತಡೆದಾಗ ಬದಲಿ ರಾಸಾಯನಿಕಗಳು ಬಂದವು. ಆದರೆ ಅದೇ ಕಂಪನಿಯ ನಂತರದ ಮಾನಕವಾದ ಡೆಕ್ಸ್ರಾನ್-2ರ ಮೊದಲ ಸೂತ್ರವೊಂದು ಕೂಲರಿನ ಬೆಸುಗೆಯನ್ನೇ ತಿನ್ನುತ್ತಿದೆ ಎಂದು ಗೊತ್ತಾಗಿ, ತುಕ್ಕುನಿರೋಧಕ ಸೇರಿಸಿ ಅದನ್ನು ತಿದ್ದಬೇಕಾಯಿತು. ಸೀಲು, ಗ್ಯಾಸ್ಕೆಟ್ ಸರಿಯಿದ್ದರೂ ಹೊಂದದ ಆಯಿಲ್ ತಾನೇ ಸೋರಿಕೆ ಹುಟ್ಟಿಸಬಲ್ಲದು ಎಂಬುದಕ್ಕೆ ಇದು ದೊಡ್ಡ ನಿದರ್ಶನ. ಹಿಂದೆ ಯಾವ ದರ್ಜೆಯ ಆಯಿಲ್ ತುಂಬಿಸಿದ್ದಾರೆ ಎಂದು ವಿಚಾರಿಸುವುದು ಆದ್ದರಿಂದ ತಪಾಸಣೆಯ ಮೊದಲ ಕೆಲಸವೇ ಆಗಬೇಕು. ಎಂಜಿನ್ ಆಯಿಲಿನಿಂದ ಬೇರೆಯಾಗಿ ಕಾಣಲೆಂದು ಕೊಟ್ಟ ಕೆಂಪು ಬಣ್ಣ ಇಂದಿಗೂ ಸಾಮಾನ್ಯ. ಆದರೆ ಎಲ್ಲ ತಯಾರಕರೂ ಅದನ್ನು ಪಾಲಿಸುವುದಿಲ್ಲ, ಹಳೆಯ ಆಯಿಲ್ ಕಂದಾಗುತ್ತದೆ. ಬಣ್ಣವೊಂದನ್ನೇ ನಂಬಿ ತೀರ್ಮಾನಿಸಬಾರದು.

ಮೂಲ ಹುಡುಕುವುದು

ವೇಗದ ಗಾಳಿ ಆಯಿಲನ್ನು ಹಿಂದಕ್ಕೆ ಎಳೆದು ಇಡೀ ಅಡಿಭಾಗಕ್ಕೆ ಸವರುತ್ತದೆ. ಹೆಚ್ಚು ಒದ್ದೆಯಾದ ಜಾಗವನ್ನು ಬಿಟ್ಟು, ಎಲ್ಲಕ್ಕಿಂತ ಮೇಲಿನ ಮತ್ತು ಮುಂದಿನ ಒದ್ದೆಯನ್ನು ನೋಡಬೇಕು. ಅಡಿಭಾಗ ತೊಳೆದು ಒಣಗಿಸಿ, ಅನುಮಾನದ ಜಾಗಕ್ಕೆ ಪೌಡರ್ ಉದುರಿಸಿ ಅಥವಾ ಆಯಿಲಿಗೆ ನೇರಳಾತೀತ ಬೆಳಕಿನಲ್ಲಿ ಹೊಳೆಯುವ ಡೈ ಬೆರೆಸಿ ಮತ್ತೆ ಓಡಿಸಿದರೆ ಜಾಡು ಸಿಗುತ್ತದೆ.

ಎಂಜಿನ್ ಮತ್ತು ಗೇರ್ ಬಾಕ್ಸ್ ಕೂಡುವಲ್ಲಿ ಹನಿ ಕಂಡರೆ ಎಂಜಿನ್ನಿನ ಹಿಂದಿನ ಆಯಿಲ್ ಸೀಲ್ ಹೋಗಿರಬಹುದು, ಟಾರ್ಕ್ ಕನ್ವರ್ಟರಿನ ಮುಂದಿನ ಸೀಲೂ ಹೋಗಿರಬಹುದು. ಗೇರ್ ಬಾಕ್ಸ್ ಇಳಿಸುವ ಮುಂಚೆ ಅದರ ಬ್ರೀದರ್ (ಗಾಳಿಯಾಡುವ ಕಿಂಡಿ) ನೋಡುವುದು ಒಳ್ಳೆಯದು. ದೀರ್ಘ ತಿರುವಿನಲ್ಲಿ ಆಯಿಲ್ ಒಂದೇ ಬದಿಗೆ ನುಗ್ಗುತ್ತದೆ, ಬಿಸಿಗೆ ಹಿಗ್ಗುತ್ತದೆ. ಮಟ್ಟ ಹೆಚ್ಚಿದ್ದರೆ ನೊರೆಯಾಗಿ ಬ್ರೀದರಿನಿಂದ ಉಕ್ಕುತ್ತದೆ. ಟ್ರ್ಯಾಕಿನಲ್ಲಿ ಮಾತ್ರ ಸೋರಿ ರಸ್ತೆಯಲ್ಲಿ ಸೋರದ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಡಿಪ್‌ಸ್ಟಿಕ್ ಇಲ್ಲದ ಗೇರ್ ಬಾಕ್ಸುಗಳಲ್ಲಿ ತಯಾರಕರು ಹೇಳಿದ ತಾಪದಲ್ಲೇ ಮಟ್ಟ ಅಳೆಯಬೇಕು. ಹಾಗೆ ಅಳೆಯದೆ ಸೀಲ್ ಬದಲಿಸುವುದು ದುಡ್ಡಿನ ನಷ್ಟ.

ರೇಡಿಯೇಟರಿನೊಳಗೆ ಕೂಲರ್ ಇರುವ ಕಾರಿನಲ್ಲಿ ಅದು ಸೀಳಿದರೆ ಹೊರಗೆ ಹನಿ ಕಾಣದಿರಬಹುದು. ಆಯಿಲಿಗೆ ನೀರು ಸೇರಿ ರೋಸ್ ಮಿಲ್ಕಿನಂಥ ಬಣ್ಣ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬಾರದು; ಕ್ಲಚ್ ತಟ್ಟೆಗಳ ಲೇಪ ಬೇಗ ಕಿತ್ತುಬರುತ್ತದೆ.

ಇತರ ದ್ರವಗಳು

ಎ.ಸಿ.ಯಿಂದ ತೊಟ್ಟಿಕ್ಕುವ ತಿಳಿನೀರು ದೋಷವಲ್ಲ. ಕೂಲೆಂಟಿಗೆ ಸಿಹಿ ವಾಸನೆ ಇರುತ್ತದೆ. ಬ್ರೇಕ್ ಆಯಿಲ್ ಪೇಂಟನ್ನು ಎಬ್ಬಿಸುತ್ತದೆ. ಡಾಟ್ 4 ದರ್ಜೆಯದರ ಕನಿಷ್ಠ ಕುದಿಬಿಂದು ಹೊಸತಿನಲ್ಲಿ 230 ಡಿಗ್ರಿ, ತೇವ ಹೀರಿದ ಮೇಲೆ 155. ಚಕ್ರದ ಒಳಬದಿಯಲ್ಲಿ ಅದರ ಒದ್ದೆ ಕಂಡರೆ ಕಾರನ್ನು ಓಡಿಸದೆ, ಬೇರೆ ವಾಹನದ ಮೇಲೆ ಹೇರಿಕೊಂಡು ಗ್ಯಾರೇಜಿಗೆ ಸಾಗಿಸಬೇಕು.